ಕಪ್ ಗೆದ್ದದ್ದು ಅರ್ಜೆಂಟೀನಾ, ಬಾಜಿ ಗೆದ್ದದ್ದು ಡ್ರಾ

ವಿಶ್ವಕಪ್ ಫುಟ್‌ಬಾಲ್ ಹತ್ತಿರ ಬಂತೆಂದರೆ ನಮ್ಮ ಗುಂಪಿನಲ್ಲಿ ಎಲ್ಲರೂ ಜ್ಯೋತಿಷಿಗಳು. ಮೂರೂಮುಕ್ಕಾಲು ವರ್ಷ ಚೆಂಡಿನ ಮುಖ ನೋಡದ ಪುಟ್ಟನೂ "ಈ ಸಲ ಕಪ್ ಯಾರದು ಅಂತ ನಾನು ಹೇಳುತ್ತೇನೆ, ಬರೆದಿಟ್ಟುಕೊಳ್ಳಿ" ಅನ್ನುತ್ತಾನೆ. ಬರೆದಿಟ್ಟುಕೊಳ್ಳುವ ಕೆಲಸ ಮೂರ್ತಿಯದು. ಅವನು ಲೆಕ್ಕದ ಮನುಷ್ಯ. ಯಾರು ಯಾವತ್ತು ಏನು ಹೇಳಿದ್ದರು ಅನ್ನುವುದು ತಾರೀಖಿನ ಸಮೇತ ಅವನ ಹತ್ತಿರ ಇರುತ್ತದೆ. ಅವನಿಗೆ ಸ್ನೇಹಿತರು ಕಡಿಮೆ ಇರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

"ಬಾಯಲ್ಲಿ ಹೇಳಿದರೆ ಏನು ಮಜಾ? ಬಾಜಿ ಕಟ್ಟೋಣ," ಅಂದ ಪುಟ್ಟ. "ಅರ್ಜೆಂಟೀನಾ ಮೇಲೆ. ಕಣ್ಣು ಮುಚ್ಚಿಕೊಂಡು."

"2022ರಲ್ಲೂ ಕಣ್ಣು ಮುಚ್ಚಿಕೊಂಡೇ ಕಟ್ಟಿದ್ದರಪ್ಪ," ಅಂದರು ರಾಯರು. "ಮೊದಲ ಮ್ಯಾಚ್ ಸೌದಿ ಅರೇಬಿಯಾ ಎದುರು. 36 ಪಂದ್ಯ ಸೋಲದೆ ಬಂದಿದ್ದ ತಂಡ. ಹತ್ತನೇ ನಿಮಿಷಕ್ಕೇ ಮೆಸ್ಸಿ ಗೋಲು. ಕಟ್ಟಿದವರೆಲ್ಲ ಕಾಲು ಚಾಚಿ ಕೂತರು. ಎರಡನೇ ಅರ್ಧ ಶುರುವಾಗಿ ಹತ್ತು ನಿಮಿಷ ಆಗಿರಲಿಲ್ಲ, ಸೌದಿಯವರು ಎರಡು ಹೊಡೆದು ಮುಗಿಸಿದ್ದರು."

"ಆದರೂ ಕಪ್ ಅರ್ಜೆಂಟೀನಾದವರೇ ಎತ್ತಿದರಲ್ಲ ರಾಯರೇ! ಫೈನಲ್‌ನಲ್ಲಿ ಅವರ ಮೇಲೆ ಕಟ್ಟಿದ್ದರೆ ಸಾಕಿತ್ತು."

ಮೂರ್ತಿ ಕನ್ನಡಕ ಸರಿಮಾಡಿಕೊಂಡ. ಅವನು ಕನ್ನಡಕ ಮುಟ್ಟಿದರೆ ಯಾರದೋ ಸಂತೋಷಕ್ಕೆ ಸಂಚಕಾರ ಅಂತಲೇ ಅರ್ಥ.

"ಫೈನಲ್ ದಿನ, ಈ ಮ್ಯಾಚ್ ಅರ್ಜೆಂಟೀನಾ ಗೆಲ್ಲುತ್ತದೆ ಅಂತ ಕಟ್ಟಿದವನಿಗೆ ಎಷ್ಟು ಬಂತು ಗೊತ್ತಾ?"

"ಎಷ್ಟು?"

"ಸೊನ್ನೆ."

ಪುಟ್ಟ ನಂಬಲಿಲ್ಲ. ಮೂರ್ತಿ ಬಿಡಿಸಿ ಹೇಳಿದ. ಮ್ಯಾಚ್ ಯಾರು ಗೆಲ್ಲುತ್ತಾರೆ ಅನ್ನುವ ಮಾಮೂಲಿ ಬಾಜಿಯ ಲೆಕ್ಕ 90 ನಿಮಿಷಕ್ಕೆ ಮುಗಿಯುತ್ತದೆ. ನಡುವೆ ಆಟ ನಿಂತದ್ದಕ್ಕೆ ಸೇರಿಸುವ ಇಂಜುರಿ ಟೈಮ್ ಲೆಕ್ಕಕ್ಕುಂಟು. ಸಮ ಆದಾಗ ಆಡಿಸುವ ಎಕ್ಸ್‌ಟ್ರಾ ಟೈಮ್, ಪೆನಾಲ್ಟಿ ಶೂಟೌಟ್ ಲೆಕ್ಕಕ್ಕಿಲ್ಲ. ಆ ಫೈನಲ್‌ನಲ್ಲಿ 79 ನಿಮಿಷದ ತನಕ ಅರ್ಜೆಂಟೀನಾ 2-0 ಮುಂದಿತ್ತು. ಆಮೇಲೆ ಎದುರಾಳಿ ಫ್ರಾನ್ಸಿನ ಎಂಬಾಪೆ ಎರಡು ನಿಮಿಷದೊಳಗೆ ಎರಡು ಗೋಲು ಹೊಡೆದ. 90 ನಿಮಿಷಕ್ಕೆ 2-2. ಎಕ್ಸ್‌ಟ್ರಾ ಟೈಮ್ ಮುಗಿದಾಗ 3-3. ಶೂಟೌಟ್‌ನಲ್ಲಿ 4-2. ಕಪ್ ಯಾರು ಎತ್ತುತ್ತಾರೆ ಅಂತ ಕಟ್ಟಿದವನಿಗೆ ದುಡ್ಡು ಬಂತು. ಮ್ಯಾಚ್ ಯಾರು ಗೆಲ್ಲುತ್ತಾರೆ ಅಂತ ಕಟ್ಟಿದವನಿಗೆ ಬಂದದ್ದು ಡ್ರಾ. ಅವನೂ ಎಲ್ಲರ ಜೊತೆ ಕುಣಿದಿರುತ್ತಾನೆ, ಪಕ್ಕದವನನ್ನು ತಬ್ಬಿಕೊಂಡಿರುತ್ತಾನೆ. ಕಣ್ಣೊರೆಸಿಕೊಂಡು ಫೋನ್ ನೋಡುತ್ತಾನೆ, ಸೋತಿದ್ದೀಯ ಅಂತ ಇದೆ.

"ಅಂದರೆ ಬೆಲ್ ಹೊಡೆದ ಮೇಲೆ ಬರೆದ ಉತ್ತರದಿಂದ ಪಾಸಾದೆ, ಅದಕ್ಕೇ ಫೇಲು ಅಂದ ಹಾಗೆ," ಅಂದರು ಶೀಲಕ್ಕ.

"ಮೋಸ!" ಅಂದ ಪುಟ್ಟ.

"ಮೋಸ ಅಲ್ಲ, ನಿಯಮ. ಮೊದಲೇ ಬರೆದಿರುತ್ತಾರೆ. ಓದುವವರು ಬೇಕಲ್ಲ."

ನನಗೇನೋ ಬಾಜಿ ಕಟ್ಟುವವರಿಗೆ ಫುಟ್‌ಬಾಲಿಗಿಂತ ಈ ನಿಯಮಗಳೇ ಜಾಸ್ತಿ ಗೊತ್ತಿರಬೇಕು ಅನ್ನಿಸುತ್ತದೆ. ಆದರೆ ನಿಯಮ ಓದುವಷ್ಟು ತಾಳ್ಮೆ ಇರುವವನು ಬಾಜಿಗೆ ಯಾಕೆ ಹೋಗುತ್ತಾನೆ ಹೇಳಿ.

ಪುಟ್ಟ ಸುಮ್ಮನಾಗುವ ಪೈಕಿ ಅಲ್ಲ. "ಬುಕ್ಕಿಗಳು ಮಾತ್ರ ಅದು ಹೇಗೆ ಸರಿಯಾಗಿ ಊಹೆ ಮಾಡುತ್ತಾರೆ?"

"ಅವನೆಲ್ಲಿ ಊಹೆ ಮಾಡುತ್ತಾನೆ? ಅವನು ಅಂಗಡಿ ಇಟ್ಟಿದ್ದಾನೆ." ಮೂರ್ತಿ ಕಾಗದ ಎಳೆದುಕೊಂಡ. "ಒಂದು ತಂಡ ಗೆದ್ದರೆ 2.50 ದರ ಅನ್ನು, ಅಂದರೆ ಒಂದು ರೂಪಾಯಿ ಕಟ್ಟಿದವನಿಗೆ ಎರಡೂವರೆ ವಾಪಸ್. ಡ್ರಾಕ್ಕೆ 3.20. ಇನ್ನೊಂದು ತಂಡಕ್ಕೆ 2.80. ಈಗ ನೂರನ್ನು ಒಂದೊಂದರಿಂದಲೂ ಭಾಗಿಸು, ನೂರರಲ್ಲಿ ಎಷ್ಟು ಸಲ ಹಾಗಾಗುತ್ತದೆ ಅಂತ ದರ ಹೇಳುತ್ತಿದೆಯೋ ಅದು ಬರುತ್ತದೆ. 40, 31, 36. ಒಟ್ಟು?"

"107."

"ಮ್ಯಾಚ್ ಒಂದೇ. ಮೂರರಲ್ಲಿ ಒಂದಾಗಲೇಬೇಕು, ಅಂದರೆ 100 ಬರಬೇಕು. ಆ ಏಳು ಏನು?"

"ಇಂಜುರಿ ಟೈಮಾ?"

"ಇಂಜುರಿ ನಿನಗೆ, ಟೈಮು ಅವನಿಗೆ. ಅದೇ ಅವನ ಲಾಭ. ಜನ ಎಲ್ಲ ಬ್ರೆಜಿಲ್ ಮೇಲೆ ಬಿದ್ದರೆ ಬ್ರೆಜಿಲ್ ದರ ಇಳಿಸುತ್ತಾನೆ, ಬೇರೆಯವರದು ಏರಿಸುತ್ತಾನೆ. ಹೀಗೆ ಸರಿದೂಗಿಸಿಕೊಂಡರೆ ಆಮೇಲೆ ಯಾರು ಗೆದ್ದರೂ ಅವನಿಗೆ ನಿದ್ದೆ ಬರುತ್ತದೆ."

ಪುಟ್ಟನ ಹತ್ತಿರ ಇದಕ್ಕೂ ಮದ್ದಿತ್ತು. ಐದು ಮ್ಯಾಚ್ ಸೇರಿಸಿ ಒಂದೇ ಬಾಜಿ. ಐದೂ ಗೆಲ್ಲುವ ಕುದುರೆಗಳೇ, ಒಂದೊಂದಕ್ಕೆ 1.5 ದರ. ಎಲ್ಲ ಗುಣಿಸಿದರೆ ಏಳೂವರೆ ಪಟ್ಟು! ಮೂರ್ತಿ ಅದನ್ನೂ ಬಿಡಲಿಲ್ಲ. ಒಂದೊಂದು ತಂಡವೂ ಮೂರರಲ್ಲಿ ಎರಡು ಸಲ ಗೆಲ್ಲುತ್ತದೆ ಅಂದುಕೊಂಡರೂ ಐದಕ್ಕೈದೂ ಗೆಲ್ಲುವುದು ನೂರರಲ್ಲಿ ಹದಿಮೂರು ಸಲ. ದರದ ಜೊತೆಗೆ ಬುಕ್ಕಿಯ ಲಾಭವೂ ಗುಣಿಸಿಕೊಳ್ಳುತ್ತಾ ಹೋಗುತ್ತದೆ, ಅದನ್ನು ಯಾರೂ ದೊಡ್ಡ ಅಕ್ಷರದಲ್ಲಿ ಹಾಕುವುದಿಲ್ಲ.

"ಹಾಗಾದರೆ ಯಾರೂ ಗೆದ್ದೇ ಇಲ್ಲವಾ?"

"ಗೆದ್ದಿದ್ದಾರೆ," ಅಂದರು ರಾಯರು. ಅವರಿಗೆ 2004ರ ಯೂರೋ ಕಪ್ ಅಂದರೆ ಪ್ರಾಣ. "ಗ್ರೀಸ್. ಟೂರ್ನಿ ಶುರುವಾಗುವ ಮುಂಚೆ ಒಂದಕ್ಕೆ 150 ಕೊಡುತ್ತಿದ್ದರು. ಯಾಕೆ ಕೊಡಬಾರದು? ಅದಕ್ಕೂ ಮುಂಚೆ ಒಂದು ಯೂರೋ, ಒಂದು ವಿಶ್ವಕಪ್ ಆಡಿದ್ದರು, ಒಂದೇ ಒಂದು ಪಂದ್ಯ ಗೆದ್ದಿರಲಿಲ್ಲ. ಮೊದಲ ಮ್ಯಾಚ್‌ನಲ್ಲೇ ಆತಿಥೇಯ ಪೋರ್ಚುಗಲ್‌ನ ಸೋಲಿಸಿದರು. ಫ್ರಾನ್ಸ್ ಮೇಲೆ 1-0. ಚೆಕ್ ಮೇಲೆ 1-0. ಫೈನಲ್‌ನಲ್ಲಿ ಮತ್ತೆ ಪೋರ್ಚುಗಲ್ ಸಿಕ್ಕಿತು, ಮತ್ತೆ 1-0. ನೋಡೋಕೆ ಚೆನ್ನಾಗಿತ್ತಾ ಅಂತ ಕೇಳಬೇಡಿ."

"ಅವರ ಮೇಲೆ ಕಟ್ಟಿದ್ದು ಯಾರು?" ಅಂತ ಕೇಳಿದರು ಶೀಲಕ್ಕ.

"ಗ್ರೀಸಿನವರೇ ಇರಬೇಕು."

"ನೋಡಿ. ಬುದ್ಧಿ ಇದ್ದವರು ಯಾರೂ ಕಟ್ಟಿರಲಿಕ್ಕಿಲ್ಲ."

ಬುದ್ಧಿ ಅಂದ ಕೂಡಲೇ ಪುಟ್ಟನಿಗೆ ಆಕ್ಟೋಪಸ್ ಪಾಲ್ ನೆನಪಾಯಿತು. 2010ರಲ್ಲಿ ಜರ್ಮನಿಯ ಓಬರ್‌ಹೌಸೆನ್‌ನಲ್ಲಿ ಬಾವುಟ ಅಂಟಿಸಿದ ಎರಡು ಡಬ್ಬಿ ಇಡುತ್ತಿದ್ದರು, ಎರಡರಲ್ಲೂ ತಿನ್ನಲು ಏನಾದರೂ ಇರುತ್ತಿತ್ತು. ಪಾಲ್ ಮೊದಲು ಯಾವುದಕ್ಕೆ ಕೈ ಹಾಕುತ್ತದೋ ಆ ತಂಡ ಗೆಲ್ಲಬೇಕು. ಎಂಟಕ್ಕೆ ಎಂಟೂ ಸರಿ. ಜರ್ಮನಿ ಸೆಮಿಫೈನಲ್‌ನಲ್ಲಿ ಸ್ಪೇನ್‌ಗೆ ಸೋಲುತ್ತದೆ ಅಂತಲೂ ಹೇಳಿಬಿಟ್ಟಿತು, ಜರ್ಮನಿಯ ಅನ್ನ ತಿಂದುಕೊಂಡೇ.

"256ರಲ್ಲಿ ಒಂದು ಸಲ ಸುಮ್ನೆ ಹಾಗೇ ಆಗುತ್ತದೆ," ಅಂದ ಮೂರ್ತಿ. "ಅದೇ ಪಾಲ್ 2008ರ ಯೂರೋದಲ್ಲಿ ಆರರಲ್ಲಿ ನಾಲ್ಕೇ ಸರಿ ಹೇಳಿದ್ದು. ತಪ್ಪು ಹೇಳಿದ ಪ್ರಾಣಿಗಳ ಹೆಸರು ಯಾರಿಗೂ ನೆನಪಿರುವುದಿಲ್ಲ."

"ನಮ್ಮ ಪುಟ್ಟನ ಹೆಸರು ನೆನಪಿದೆಯಲ್ಲ," ಅಂದರು ಶೀಲಕ್ಕ. "ಆ ಆಕ್ಟೋಪಸ್‌ಗೆ ಎಂಟು ಕೈ ಇದ್ದವು. ಒಂದರಿಂದಲೂ ದುಡ್ಡು ಹಾಕಲಿಲ್ಲ."

ಮೂರ್ತಿ ಒಪ್ಪಿದ ಬಾಜಿ ಒಂದೇ ಒಂದು. 2014ರ ವಿಶ್ವಕಪ್‌ನಲ್ಲಿ ಉರುಗ್ವೆಯ ಆಟಗಾರ ಸುವಾರೆಸ್ ಯಾರನ್ನಾದರೂ ಕಚ್ಚುತ್ತಾನೆ ಅನ್ನುವುದಕ್ಕೆ ಒಂದಕ್ಕೆ 175 ದರ ಇತ್ತು. ಇಟಲಿ ಎದುರಿನ ಮ್ಯಾಚ್‌ನಲ್ಲಿ ಎದುರಾಳಿ ಕಿಯೆಲ್ಲಿನಿಯ ಭುಜಕ್ಕೆ ಬಾಯಿ ಹಾಕಿಯೇಬಿಟ್ಟ. ಅವನಿಗೆ ಒಂಬತ್ತು ಅಂತರರಾಷ್ಟ್ರೀಯ ಪಂದ್ಯಗಳ ನಿಷೇಧ, ಕಟ್ಟಿದವರಿಗೆ ಹಬ್ಬ.

"ಅದರಲ್ಲಿ ಅದೃಷ್ಟ ಏನಿದೆ?" ಅಂದ ಮೂರ್ತಿ. "2010ರಲ್ಲಿ ಕಚ್ಚಿದ್ದ, 2013ರಲ್ಲಿ ಕಚ್ಚಿದ್ದ. ದಾಖಲೆ ನೋಡಿ ಕಟ್ಟಿದ್ದಾರೆ."

"ಗೋಲು ಹೊಡೆದರೆ ಪುಡಿಗಾಸು, ಕಚ್ಚಿದರೆ 175!" ಪುಟ್ಟ ತಲೆ ಮೇಲೆ ಕೈ ಹೊತ್ತ.

ನನ್ನ ತಕರಾರು ದುಡ್ಡಿನದಲ್ಲ. ಬಾಜಿ ಕಟ್ಟಿದವನ ಪಕ್ಕ ಕೂತು ಮ್ಯಾಚ್ ನೋಡುವುದು ಶಿಕ್ಷೆ. 2014ರ ಬ್ರೆಜಿಲ್-ಜರ್ಮನಿ ಸೆಮಿಫೈನಲ್ ತಗೊಳ್ಳಿ. ಎರಡೂ ದೊಡ್ಡ ತಂಡ, ಗೋಲು ಕಡಿಮೆ, ಎರಡು ದಾಟಲ್ಲ ಅಂತ ಎಷ್ಟು ಜನ ಕಟ್ಟಿದ್ದರೋ! 23ನೇ ನಿಮಿಷಕ್ಕೆ ಜರ್ಮನಿಯ ಕ್ಲೋಸೆ ಹೊಡೆದದ್ದು ಆ ಮ್ಯಾಚ್‌ನ ಎರಡನೇ ಗೋಲು, ವಿಶ್ವಕಪ್‌ನಲ್ಲಿ ಅವನ 16ನೆಯದು, ಆಗಿನ ಹೊಸ ದಾಖಲೆ. ಅದನ್ನು ನೋಡಿ ಚಪ್ಪಾಳೆ ಹೊಡೆಯುವ ಬದಲು ಇವರು "ಸಾಕು, ಇನ್ನು ಸಾಕು" ಅಂತಿರುತ್ತಾರೆ. 24ಕ್ಕೆ ಮೂರನೆಯದು ಬಿತ್ತು, ಬಾಜಿ ಹೋಯಿತು. 29ಕ್ಕೆ 5-0. ಕೊನೆಗೆ 7-1. ಅಂಥ ಮ್ಯಾಚನ್ನು ಮುಖ ಊದಿಸಿಕೊಂಡು ನೋಡುವುದಾ?

ಕಡೆಗೆ ಶೀಲಕ್ಕನೇ ದಾರಿ ತೋರಿಸಿದರು. ದುಡ್ಡಿಲ್ಲದ ಬಾಜಿ. ಈಗ ವಿಶ್ವಕಪ್ ಅಂದರೆ 48 ತಂಡ. ಚೀಟಿ ಎತ್ತಿ ತಲೆಗೆ ಹನ್ನೆರಡು. ನಾನು ಡಬ್ಬಿ ಹಿಡಿದುಕೊಂಡೆ. ಬ್ರೆಜಿಲ್ ರಾಯರಿಗೆ ಹೋಯಿತು. ಪುಟ್ಟನಿಗೆ ಬಂದ ಹನ್ನೆರಡರಲ್ಲಿ ಅರ್ಧ ದೇಶ ಭೂಪಟದಲ್ಲಿ ಎಲ್ಲಿವೆ ಅಂತಲೇ ಗೊತ್ತಿಲ್ಲ.

"ರಾಯರೇ, ಬ್ರೆಜಿಲ್ ಕೊಡಿ, ಎರಡು ಚೀಟಿ ಕೊಡುತ್ತೇನೆ."

"ಮೂರು," ಅಂದರು ರಾಯರು, ಚೀಟಿ ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತಾ.

"ಎರಡು ಈಗ. ಬ್ರೆಜಿಲ್ ಸೆಮಿಫೈನಲ್ ಗೆದ್ದರೆ ಮೂರನೆಯದು."

"90 ನಿಮಿಷದಲ್ಲಿ ಗೆಲ್ಲಬೇಕೋ, ಪೆನಾಲ್ಟಿಯಲ್ಲಿ ಗೆದ್ದರೂ ಕೊಡುತ್ತೀಯೋ?"

ಮೂರ್ತಿ ಆಗಲೇ ಬರೆದುಕೊಳ್ಳುತ್ತಿದ್ದ.