ಮೈಕ್ರೋಸಾಫ್ಟ್ 365 ಮೇಲ್‌ನಲ್ಲಿ ಬರುವ ಬದಲಾವಣೆಗಳನ್ನು ಮೊದಲೇ ಹಿಡಿಯುವುದು ಹೇಗೆ?

ಪೀಣ್ಯ_ಐಟಿ:

ಎಲ್ಲರಿಗೂ ನಮಸ್ಕಾರ. 180 ಮೇಲ್‌ಬಾಕ್ಸ್, ಲೈಸೆನ್ಸ್ ಬಿಸಿನೆಸ್ ಸ್ಟ್ಯಾಂಡರ್ಡ್, ಎಲ್ಲವೂ ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ (ಮೈಕ್ರೋಸಾಫ್ಟ್ 365ರ ಮೇಲ್ ಸೇವೆ). ಆಫೀಸಿನಲ್ಲಿ ಸರ್ವರ್ ಇಲ್ಲ, ಹೈಬ್ರಿಡ್ ಇಲ್ಲ. ಜನ ಕಳಿಸುವ ಮೇಲ್ ಅಲ್ಲದೆ ಇನ್ನೂ ಮೂರು ಕಡೆಯಿಂದ ಮೇಲ್ ಹೊರಡುತ್ತದೆ: ಆರು ಸ್ಕ್ಯಾನರ್‌ಗಳು, ಸಂಬಳದ ಸ್ಲಿಪ್ ಕಳಿಸುವ ಪೇರೋಲ್ ಸಾಫ್ಟ್‌ವೇರ್, ಇನ್‌ವಾಯ್ಸ್ ಕಳಿಸುವ ಇಆರ್‌ಪಿ (ಕಂಪನಿಯ ಲೆಕ್ಕ, ವ್ಯವಹಾರ ನಡೆಸುವ ಸಾಫ್ಟ್‌ವೇರ್). ಮೂರೂ ಪೋರ್ಟ್ 587ರಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುತ್ತವೆ.

ಮೈಕ್ರೋಸಾಫ್ಟ್ ತನ್ನ ಬದಲಾವಣೆಗಳ ಸೂಚನೆ ಹಾಕುವ ಮೆಸೇಜ್ ಸೆಂಟರ್ ತೆರೆದರೆ ಸೂಚನೆಗಳು ರಾಶಿ ಬಿದ್ದಿರುತ್ತವೆ. ಟೀಮ್ಸ್‌ನದು, ಕೋಪೈಲಟ್‌ದು, ಶೇರ್‌ಪಾಯಿಂಟ್‌ದು ಎಲ್ಲ ಸೇರಿ. ಅವುಗಳಲ್ಲಿ ಮೇಲ್ ನಿಲ್ಲಿಸಬಲ್ಲ ಸೂಚನೆಯನ್ನು ಬೇರ್ಪಡಿಸುವುದು ಹೇಗೆ? ಎರಡನೆಯದು, ದಿನಾಂಕಗಳು ಪದೇ ಪದೇ ಮುಂದೆ ಹೋಗುತ್ತವೆ, ಅದರ ಜಾಡು ಹಿಡಿಯುವ ಕ್ರಮ ಏನು? ಒಬ್ಬರೇ ಐಟಿ ನೋಡಿಕೊಳ್ಳುವ ಕಡೆ ನಡೆಯುವಂಥ ದಾರಿ ಹೇಳಿ.

---

ಇನ್‌ಬಾಕ್ಸ್_ಪಾಲಕ:

ಮೊದಲು ಮೂರು ಜಾಗಗಳ ವ್ಯತ್ಯಾಸ. ಸರ್ವಿಸ್ ಹೆಲ್ತ್ ಅಂದರೆ ಈಗ ಕೆಟ್ಟಿರುವುದು. ರೋಡ್‌ಮ್ಯಾಪ್ ಅಂದರೆ ಕಂಪನಿ ಮಾಡಬೇಕೆಂದುಕೊಂಡಿರುವುದು, ಅಲ್ಲಿನ ತಿಂಗಳುಗಳು ಬರೀ ಅಂದಾಜು. ಮೆಸೇಜ್ ಸೆಂಟರ್ ಅಂದರೆ ನಿಮ್ಮ ಟೆನೆಂಟ್‌ಗೆ (ಮೈಕ್ರೋಸಾಫ್ಟ್ 365ರಲ್ಲಿ ನಿಮ್ಮ ಕಂಪನಿಗೆ ಮೀಸಲಾದ ಜಾಗ) ಬರುತ್ತಿರುವುದು. ನಿಮ್ಮಂಥವರು ರೋಡ್‌ಮ್ಯಾಪ್ ನೋಡದಿದ್ದರೂ ನಡೆಯುತ್ತದೆ. ಮೆಸೇಜ್ ಸೆಂಟರ್ ಬಿಡುವ ಹಾಗಿಲ್ಲ.

ಅಡ್ಮಿನ್ ಸೆಂಟರ್‌ನಲ್ಲಿ ಹೆಲ್ತ್, ಅದರೊಳಗೆ ಮೆಸೇಜ್ ಸೆಂಟರ್, ಅಲ್ಲಿ ಪ್ರಿಫರೆನ್ಸಸ್. ಬೇಡದ ಸರ್ವಿಸ್‌ಗಳ ಟಿಕ್ ತೆಗೆಯಿರಿ. ಆದರೆ ಎಕ್ಸ್‌ಚೇಂಜ್ ಆನ್‌ಲೈನ್ ಒಂದನ್ನೇ ಉಳಿಸಿಕೊಳ್ಳಬೇಡಿ. ಮೇಲ್‌ಗೆ ಹೊಡೆತ ಕೊಡುವ ಸೂಚನೆಗಳು ಬೇರೆ ಹೆಸರಿನಲ್ಲೂ ಬರುತ್ತವೆ: ಲಾಗಿನ್, ಎಂಎಫ್‌ಎ (ಪಾಸ್‌ವರ್ಡ್ ಜೊತೆ ಇನ್ನೊಂದು ದೃಢೀಕರಣ) ಬದಲಾವಣೆಗಳು ಎಂಟ್ರಾ (ಅಕೌಂಟ್, ಲಾಗಿನ್ ನೋಡಿಕೊಳ್ಳುವ ಸೇವೆ) ಅಡಿಯಲ್ಲಿ, ಔಟ್‌ಲುಕ್‌ನದು ಮೈಕ್ರೋಸಾಫ್ಟ್ 365 ಆ್ಯಪ್ಸ್ ಅಡಿಯಲ್ಲಿ, ಸ್ಪ್ಯಾಮ್ ಮತ್ತು ಕ್ವಾರಂಟೈನ್‌ನದು ಡಿಫೆಂಡರ್ ಅಡಿಯಲ್ಲಿ. ಈ ನಾಲ್ಕೂ ಇರಲಿ.

ಅದೇ ಪ್ರಿಫರೆನ್ಸಸ್‌ನ ಇಮೇಲ್ ಟ್ಯಾಬ್‌ನಲ್ಲಿ ವಾರದ ಡೈಜೆಸ್ಟ್ ಆನ್ ಮಾಡಿ, ಮೇಜರ್ ಅಪ್‌ಡೇಟ್‌ಗಳಿಗೆ ಬೇರೆ ಮೇಲ್ ಬರುವಂತೆಯೂ ಇಡಿ. ನಿಮ್ಮ ವಿಳಾಸದ ಜೊತೆ ಇನ್ನೂ ಎರಡು ವಿಳಾಸ ಕೊಡಬಹುದು. ಅದರಲ್ಲಿ ಒಂದು ಶೇರ್ಡ್ ಮೇಲ್‌ಬಾಕ್ಸ್ ಆಗಿರಲಿ. ನೀವು ರಜೆ ಹಾಕಿದರೂ, ಕೆಲಸ ಬಿಟ್ಟರೂ ಸೂಚನೆ ಕಂಪನಿಯಲ್ಲೇ ಉಳಿಯುತ್ತದೆ. ಇನ್ನೊಬ್ಬರು ಓದಬೇಕಿದ್ದರೆ ಮೆಸೇಜ್ ಸೆಂಟರ್ ರೀಡರ್ ರೋಲ್ ಸಾಕು, ಇಷ್ಟಕ್ಕೆಲ್ಲ ಗ್ಲೋಬಲ್ ಅಡ್ಮಿನ್ ಕೊಡಬೇಡಿ.

ಓದುವಾಗ ಶೀರ್ಷಿಕೆಗಿಂತ ಮುಂಚೆ ಟ್ಯಾಗ್ ನೋಡಿ. ‘ರಿಟೈರ್‌ಮೆಂಟ್’ ಅಂತಿದ್ದರೆ ಪೂರ್ತಿ ಓದಲೇಬೇಕು. ‘ಅಡ್ಮಿನ್ ಇಂಪ್ಯಾಕ್ಟ್’ ಇದ್ದು ‘ಆ್ಯಕ್ಟ್ ಬೈ’ ಕಾಲಮ್‌ನಲ್ಲಿ ದಿನಾಂಕವೂ ಇದ್ದರೆ ಅದೂ ಹಾಗೆಯೇ. ‘ಸ್ಟೇ ಇನ್‌ಫಾರ್ಮ್ಡ್’ ವರ್ಗದವು ಬಹುತೇಕ ಮಾಹಿತಿಗಾಗಿ, ಕಣ್ಣಾಡಿಸಿದರೆ ಸಾಕು. ಮೇಜರ್ ಅಪ್‌ಡೇಟ್ ಅಂದರೆ ಕನಿಷ್ಠ 30 ದಿನ ಮುಂಚೆ ಹೇಳುತ್ತೇವೆ ಅನ್ನುವುದು ಅವರ ನಿಯಮ. ಅಂದರೆ ವಾರಕ್ಕೊಮ್ಮೆ ನೋಡಿದರೂ ಕೈಯಲ್ಲಿ ಮೂರು ವಾರ ಇರುತ್ತದೆ. ತಿಂಗಳಿಗೊಮ್ಮೆ ನೋಡಿದರೆ ಏನೂ ಇರುವುದಿಲ್ಲ.

ದಿನಾಂಕದ ಜಾಡಿಗೆ: ಪ್ರತಿ ಸೂಚನೆಗೆ ಎಂಸಿ ಅಂತ ಶುರುವಾಗುವ ನಂಬರ್ ಇರುತ್ತದೆ. ದಿನಾಂಕ ಬದಲಾದಾಗ ಹೆಚ್ಚಾಗಿ ಹೊಸ ಸೂಚನೆ ಬರುವುದಿಲ್ಲ, ಹಳೆಯದನ್ನೇ ತಿದ್ದಿ ‘ಅಪ್‌ಡೇಟೆಡ್’ ಅಂತ ಗುರುತು ಹಾಕುತ್ತಾರೆ. ಹಾಗಾಗಿ ಒಂದು ಎಕ್ಸೆಲ್ ಶೀಟ್ ಇಟ್ಟುಕೊಳ್ಳಿ: ಎಂಸಿ ನಂಬರ್, ನಮ್ಮಲ್ಲಿ ಯಾವುದಕ್ಕೆ ತಾಗುತ್ತದೆ, ಮೊದಲು ಹೇಳಿದ ದಿನಾಂಕ, ಈಗಿನ ದಿನಾಂಕ, ಕೊನೆಗೆ ನೋಡಿದ ದಿನ. ‘ಮೊದಲು ಹೇಳಿದ ದಿನಾಂಕ’ ಅಳಿಸಬೇಡಿ. ಯಾವ ಬದಲಾವಣೆ ಎಷ್ಟು ಸಲ ಜಾರಿದೆ ಅಂತ ಗೊತ್ತಿದ್ದರೆ ಮ್ಯಾನೇಜ್‌ಮೆಂಟ್ ಹತ್ತಿರ ದುಡ್ಡು ಕೇಳುವಾಗ ಮಾತಿಗೆ ತೂಕ ಬರುತ್ತದೆ.

---

ರಿಲೇ_ರಾಯಚೂರು:

ಮೇಲಿನದು ಸರಿ, ಆದರೆ ಅದಕ್ಕೂ ಮುಂಚಿನ ಕೆಲಸ ಒಂದಿದೆ. ನಿಮ್ಮ ಮೇಲ್ ಯಾವುದರ ಮೇಲೆ ನಿಂತಿದೆ ಅನ್ನುವ ಪಟ್ಟಿ ಇಲ್ಲದಿದ್ದರೆ ಎಷ್ಟು ಸೂಚನೆ ಓದಿದರೂ ‘ಇದು ನಮಗಲ್ಲ’ ಅನಿಸಿಬಿಡುತ್ತದೆ. ನೀವು ಹೇಳಿದ ಮೂರು ವಸ್ತುಗಳೂ ಒಂದೇ ಕಂಬಕ್ಕೆ ಕಟ್ಟಿವೆ: ಎಸ್‌ಎಂಟಿಪಿ ಆಥ್ (ಸರ್ವರ್‌ಗೆ ಲಾಗಿನ್ ಆಗಿ ಮೇಲ್ ಕಳಿಸುವ ವಿಧಾನ), ಅದೂ ಬೇಸಿಕ್ ಆಥೆಂಟಿಕೇಶನ್‌ನಲ್ಲಿ, ಅಂದರೆ ಬರೀ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು. ಆ ಕಂಬವನ್ನು ಕೀಳುತ್ತೇವೆ ಅಂತ ಅವರು ಹೇಳಿ ಆಗಿದೆ.

ಹಿನ್ನೆಲೆ: 2022ರ ಅಕ್ಟೋಬರ್ 1ರಿಂದ ಪಾಪ್, ಐಮ್ಯಾಪ್, ಆ್ಯಕ್ಟಿವ್‌ಸಿಂಕ್ ಮುಂತಾದ ಮೇಲ್ ಸಂಪರ್ಕದ ವಿಧಾನಗಳಲ್ಲಿ ಬೇಸಿಕ್ ಆಥ್ ತೆಗೆಯಲು ಶುರು ಮಾಡಿದರು. ಎಸ್‌ಎಂಟಿಪಿ ಒಂದಕ್ಕೆ ವಿನಾಯಿತಿ ಸಿಕ್ಕಿತು. ಅದನ್ನೂ 2025ರ ಸೆಪ್ಟೆಂಬರ್‌ಗೆ ನಿಲ್ಲಿಸುತ್ತೇವೆ ಎಂದರು. ಆಮೇಲೆ 2026ರ ಮಾರ್ಚ್ 1ರಿಂದ ಏಪ್ರಿಲ್ 30ರೊಳಗೆ ಹಂತ ಹಂತವಾಗಿ ಎಂದರು. ನಮ್ಮ ಲೆಕ್ಕದ ವರ್ಷ ಮುಗಿಯುವ ಹೊತ್ತೇ ಅದು. ಅದೂ ಮುಂದೆ ಹೋಗಿ, ಈಗಿನ ವೇಳಾಪಟ್ಟಿಯಲ್ಲಿ 2026ರ ಡಿಸೆಂಬರ್ ಕೊನೆಗೆ ಹಳೆಯ ಟೆನೆಂಟ್‌ಗಳಲ್ಲಿ ತಾನಾಗಿ ಆಫ್ ಆಗುತ್ತದೆ, ಅಡ್ಮಿನ್ ಬೇಕಿದ್ದರೆ ಸದ್ಯಕ್ಕೆ ಮತ್ತೆ ಆನ್ ಮಾಡಬಹುದು. ಪೂರ್ತಿ ತೆಗೆಯುವ ದಿನಾಂಕವನ್ನು 2027ರ ಎರಡನೇ ಅರ್ಧದಲ್ಲಿ ಹೇಳುತ್ತಾರೆ. ತೆಗೆದ ಮೇಲೆ ಕಾಣುವ ಎರರ್ 550 5.7.30.

ಈ ಜಾರುವಿಕೆ ನೋಡಿ ‘ಹೇಗೂ ಮುಂದೆ ಹಾಕುತ್ತಾರೆ’ ಅಂತ ಕೂರುವುದು ತಪ್ಪು. ಹಾಗೆಯೇ ಮೊದಲ ಪ್ರಕಟಣೆ ನೋಡಿ ಗಾಬರಿಯಲ್ಲಿ ಹೊಸ ಸಾಮಾನು ಕೊಳ್ಳುವುದೂ ತಪ್ಪು. 2024ರಲ್ಲಿ ಒಂದು ಮೇಲ್‌ಬಾಕ್ಸ್‌ನಿಂದ ದಿನಕ್ಕೆ 2,000 ಹೊರಗಿನ ವಿಳಾಸಗಳ ಮಿತಿ ತರುತ್ತೇವೆ ಎಂದವರು ಆಮೇಲೆ ಅದನ್ನು ಕೈಬಿಟ್ಟರು. ದಿನಾಂಕ ಬದಲಾಗಲಿ ಬಿಡಲಿ, ಪಟ್ಟಿ ಮಾಡುವುದಕ್ಕೆ ದುಡ್ಡು ಖರ್ಚಾಗುವುದಿಲ್ಲ. ಅದನ್ನು ಈ ವಾರವೇ ಮಾಡಿ.

ಎಕ್ಸ್‌ಚೇಂಜ್ ಅಡ್ಮಿನ್ ಸೆಂಟರ್‌ನಲ್ಲಿ ರಿಪೋರ್ಟ್ಸ್, ಮೇಲ್ ಫ್ಲೋ, ಅಲ್ಲಿ ಎಸ್‌ಎಂಟಿಪಿ ಆಥ್ ಕ್ಲೈಂಟ್ಸ್ ರಿಪೋರ್ಟ್ ತೆಗೆಯಿರಿ. ಯಾವ ವಿಳಾಸದಿಂದ ಎಷ್ಟು ಮೇಲ್, ಯಾವ ಟಿಎಲ್‌ಎಸ್ (ಸಂಪರ್ಕವನ್ನು ಗೂಢಲಿಪಿಯಲ್ಲಿಡುವ ವಿಧಾನ), ಬೇಸಿಕ್ಕೋ ಓಆಥೋ (ಪಾಸ್‌ವರ್ಡ್ ಬದಲು ಟೋಕನ್ ಕೊಟ್ಟು ಲಾಗಿನ್ ಆಗುವ ವಿಧಾನ) ಅಂತ ಬರುತ್ತದೆ. ಅವಧಿ 90 ದಿನಕ್ಕೆ ಇಡಿ. ಇಲ್ಲೊಂದು ಗುಂಡಿ ಇದೆ, ಗಮನಿಸಿ: ಫಾರ್ಮ್ 16 (ಸಂಬಳದಲ್ಲಿ ಮುರಿದ ತೆರಿಗೆಯ ಪ್ರಮಾಣಪತ್ರ) ವರ್ಷಕ್ಕೊಮ್ಮೆ ಜೂನ್‌ನಲ್ಲಿ ಹೋಗುತ್ತದೆ. ಅಕ್ಟೋಬರ್‌ನಲ್ಲಿ ರಿಪೋರ್ಟ್ ತೆಗೆದರೆ ಆ ಅಕೌಂಟ್ ಕಾಣುವುದೇ ಇಲ್ಲ. ಎಚ್‌ಆರ್ ಮತ್ತು ಅಕೌಂಟ್ಸ್‌ನವರನ್ನು ‘ವರ್ಷಕ್ಕೊಮ್ಮೆ, ಮೂರು ತಿಂಗಳಿಗೊಮ್ಮೆ ತಾನಾಗಿ ಹೋಗುವ ಮೇಲ್ ಯಾವುದು’ ಅಂತ ಬಾಯಿಬಿಟ್ಟು ಕೇಳಿಯೇ ತಿಳಿಯಬೇಕು.

ಇಡಬ್ಲ್ಯುಎಸ್ (ಎಕ್ಸ್‌ಚೇಂಜ್ ವೆಬ್ ಸರ್ವೀಸಸ್, ಬೇರೆ ಸಾಫ್ಟ್‌ವೇರ್‌ಗಳು ಮೇಲ್‌ಬಾಕ್ಸ್ ತಲುಪುವ ಹಳೆಯ ದಾರಿ) ಕೂಡ ಮರೆಯಬೇಡಿ. 2026ರ ಅಕ್ಟೋಬರ್ 1ರಿಂದ ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ ಅದನ್ನು ನಿಲ್ಲಿಸಲು ಶುರು. ಮೇಲ್ ಬ್ಯಾಕಪ್ ಸಾಫ್ಟ್‌ವೇರ್, ಸಿಆರ್‌ಎಂ ಕ್ಯಾಲೆಂಡರ್ ಸಿಂಕ್, ಮೀಟಿಂಗ್ ರೂಮ್ ಬಾಗಿಲಿನ ಡಿಸ್‌ಪ್ಲೇ, ಇವುಗಳಲ್ಲಿ ಹಳೆಯವು ಅದರ ಮೇಲೇ ಓಡುತ್ತವೆ. ಅಡ್ಮಿನ್ ಸೆಂಟರ್‌ನ ಯೂಸೇಜ್ ರಿಪೋರ್ಟ್‌ನಲ್ಲಿ ಇಡಬ್ಲ್ಯುಎಸ್ ಬಳಸುವ ಆ್ಯಪ್‌ಗಳ ಐಡಿ ಸಿಗುತ್ತದೆ. ಆ ಐಡಿ ಇಟ್ಟುಕೊಂಡು ವೆಂಡರ್‌ಗೆ ‘ಗ್ರಾಫ್ ಎಪಿಐಗೆ ಬದಲಾದ ವರ್ಷನ್ ಯಾವುದು’ ಅಂತ ಲಿಖಿತವಾಗಿ ಕೇಳಿ. ಇಡಬ್ಲ್ಯುಎಸ್ ಜಾಗಕ್ಕೆ ಬಂದಿರುವ ಹೊಸ ದಾರಿಯೇ ಗ್ರಾಫ್.

---

ಪೀಣ್ಯ_ಐಟಿ:

ತುಂಬ ಉಪಯೋಗ ಆಯಿತು. ಪೇರೋಲ್ ವೆಂಡರ್ ‘ಆ್ಯಪ್ ಪಾಸ್‌ವರ್ಡ್ ಹಾಕಿಕೊಳ್ಳಿ, ಸಾಕು’ ಅನ್ನುತ್ತಿದ್ದಾರೆ. ಅದು ಸರಿಯೇ? ಸ್ಕ್ಯಾನರ್‌ಗಳಲ್ಲಿ ಓಆಥ್ ಆಯ್ಕೆಯೇ ಇಲ್ಲ. ಒಂದು ಘಟಕದಲ್ಲಿ ಸ್ಟ್ಯಾಟಿಕ್ ಐಪಿ ಇದೆ, ಇನ್ನೊಂದರಲ್ಲಿ ಸಾಮಾನ್ಯ ಬ್ರಾಡ್‌ಬ್ಯಾಂಡ್.

---

ರಿಲೇ_ರಾಯಚೂರು:

ಆ್ಯಪ್ ಪಾಸ್‌ವರ್ಡ್ ಪರಿಹಾರ ಅಲ್ಲ. ಅದು ಎಂಎಫ್‌ಎ ಸುತ್ತಿ ಹೋಗುವ ಇನ್ನೊಂದು ಪಾಸ್‌ವರ್ಡ್ ಅಷ್ಟೇ, ಲಾಗಿನ್ ನಡೆಯುವುದು ಬೇಸಿಕ್ ಆಥ್‌ನಲ್ಲೇ. ಬೇಸಿಕ್ ಹೋದ ದಿನ ಅದೂ ಹೋಗುತ್ತದೆ. ವೆಂಡರ್‌ಗೆ ಕೇಳಬೇಕಾದ ಪ್ರಶ್ನೆ ಒಂದೇ: ‘ನಿಮ್ಮ ಸಾಫ್ಟ್‌ವೇರ್ ಎಸ್‌ಎಂಟಿಪಿಯಲ್ಲಿ ಓಆಥ್ ಮಾಡುತ್ತದೆಯೇ, ಅಥವಾ ಗ್ರಾಫ್ ಮೂಲಕ ಮೇಲ್ ಕಳಿಸುತ್ತದೆಯೇ?’ ಎರಡರಲ್ಲಿ ಒಂದು ಇದ್ದರೆ ಎಂಟ್ರಾದಲ್ಲಿ ಆ್ಯಪ್ ರಿಜಿಸ್ಟರ್ ಮಾಡಿ ಕ್ಲೈಂಟ್ ಸೀಕ್ರೆಟ್ (ಆ ಆ್ಯಪ್‌ನ ಗುಪ್ತ ಕೀಲಿ) ಕೊಡುತ್ತೀರಿ. ಪೋರ್ಟಲ್‌ನಲ್ಲಿ ಸೀಕ್ರೆಟ್‌ಗೆ ಗರಿಷ್ಠ 24 ತಿಂಗಳ ಆಯಸ್ಸು. ಮುಗಿಯುವ ದಿನವನ್ನು ಅದೇ ಶೀಟ್‌ನಲ್ಲಿ ಬರೆದಿಡಿ, ಇಲ್ಲದಿದ್ದರೆ ಎರಡು ವರ್ಷದ ನಂತರ ಸಂಬಳದ ಸ್ಲಿಪ್ ನಿಂತಾಗ ಯಾಕೆ ಅಂತ ಯಾರಿಗೂ ಹೊಳೆಯುವುದಿಲ್ಲ. ಎರಡೂ ಇಲ್ಲದಿದ್ದರೆ ಅಜೂರ್ ಕಮ್ಯುನಿಕೇಶನ್ ಸರ್ವೀಸಸ್ ಇಮೇಲ್ ಅಥವಾ ಬೇರೆ ರಿಲೇ ಸೇವೆ ಬೇಕು. ಆಗ ಆ ಸೇವೆಯ ಎಸ್‌ಪಿಎಫ್ (ನಿಮ್ಮ ಹೆಸರಿನಲ್ಲಿ ಯಾವ ಸರ್ವರ್ ಕಳಿಸಬಹುದು ಅನ್ನುವ ಪಟ್ಟಿ), ಡಿಕಿಮ್ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ಎರಡನ್ನೂ ನಿಮ್ಮ ಡಿಎನ್‌ಎಸ್‌ನಲ್ಲಿ ಸೇರಿಸಿ. ಎಸ್‌ಪಿಎಫ್‌ನಲ್ಲಿ 10 ಡಿಎನ್‌ಎಸ್ ಲುಕಪ್ ದಾಟಿದರೆ ಇಡೀ ದಾಖಲೆಯೇ ಫೇಲ್ ಆಗುತ್ತದೆ, ಸೇರಿಸುವ ಮುಂಚೆ ಎಣಿಸಿ.

ಸ್ಟ್ಯಾಟಿಕ್ ಐಪಿ ಇರುವ ಘಟಕ ಸುಲಭ. ಎಕ್ಸ್‌ಚೇಂಜ್ ಅಡ್ಮಿನ್ ಸೆಂಟರ್‌ನಲ್ಲಿ ಕನೆಕ್ಟರ್ಸ್‌ಗೆ ಹೋಗಿ, ‘ನಿಮ್ಮ ಸಂಸ್ಥೆಯ ಮೇಲ್ ಸರ್ವರ್‌ನಿಂದ ಆಫೀಸ್ 365ಕ್ಕೆ’ ಅನ್ನುವ ಕನೆಕ್ಟರ್ ಮಾಡಿ, ಆ ಐಪಿ ಹಾಕಿ. ಸ್ಕ್ಯಾನರ್‌ನಲ್ಲಿ ಸರ್ವರ್ ಜಾಗಕ್ಕೆ ನಿಮ್ಮ ಡೊಮೇನ್‌ನ ಎಂಎಕ್ಸ್ ವಿಳಾಸ (ನಿಮ್ಮ ಮೇಲ್ ಸ್ವೀಕರಿಸುವ ಸರ್ವರ್‌ನದು), ಪೋರ್ಟ್ 25, ಪಾಸ್‌ವರ್ಡ್ ಖಾಲಿ. ಕಳಿಸುವ ವಿಳಾಸ ನಿಮ್ಮ ಡೊಮೇನ್‌ನದೇ ಆಗಿರಬೇಕು. ಆ ಐಪಿಯನ್ನು ಎಸ್‌ಪಿಎಫ್‌ಗೂ ಸೇರಿಸಿ. ಫೈರ್‌ವಾಲ್‌ನಲ್ಲಿ ಪೋರ್ಟ್ 25 ಸ್ಕ್ಯಾನರ್‌ಗಳ ಐಪಿಗೆ ಮಾತ್ರ ತೆರೆದಿರಲಿ. ವೈರಸ್ ಬಂದ ಒಂದು ಲ್ಯಾಪ್‌ಟಾಪ್ ಅದೇ ದಾರಿಯಲ್ಲಿ ಸ್ಪ್ಯಾಮ್ ಕಳಿಸಿದರೆ ನಿಮ್ಮ ಹೆಸರೇ ಕೆಡುವುದು.

ಬ್ರಾಡ್‌ಬ್ಯಾಂಡ್ ಘಟಕದಲ್ಲಿ ಇದು ನಡೆಯುವುದಿಲ್ಲ. ಐಪಿ ಬದಲಾಗುತ್ತದೆ, ಪೋರ್ಟ್ 25 ಅನ್ನು ಇಂಟರ್‌ನೆಟ್ ಕೊಡುವವರೇ ಮುಚ್ಚಿರುವುದೂ ಉಂಟು. ಅಲ್ಲಿ ಸ್ಕ್ಯಾನ್ ಅನ್ನು ಮೇಲ್‌ಗೆ ಕಳಿಸುವುದನ್ನೇ ಬಿಟ್ಟು ಆಫೀಸಿನ ಒಂದು ಶೇರ್ಡ್ ಫೋಲ್ಡರ್‌ಗೆ ಉಳಿಸುವಂತೆ ಮಾಡಿ. ಅಥವಾ ಎರಡು ಘಟಕಗಳ ನಡುವೆ ವಿಪಿಎನ್ ಇದ್ದರೆ ಸ್ಟ್ಯಾಟಿಕ್ ಐಪಿ ಇರುವ ಕಡೆಯಿಂದ ಹೊರಡಿಸಿ.

ಕನೆಕ್ಟರ್ ಇಲ್ಲದೆಯೇ ಪೋರ್ಟ್ 25ರಲ್ಲಿ ಒಳಗಿನವರಿಗೆ ಕಳಿಸುವ ಡೈರೆಕ್ಟ್ ಸೆಂಡ್ ಅಂತ ಒಂದಿದೆ. ಅದನ್ನು ನೆಚ್ಚಬೇಡಿ. ನಿಮ್ಮ ಹೆಸರಿನಲ್ಲೇ ನಿಮಗೆ ಫಿಶಿಂಗ್ ಕಳಿಸಲು ಕಳ್ಳರು ಬಳಸುವ ದಾರಿಯೂ ಅದೇ. 2025ರಲ್ಲಿ ಅದನ್ನು ಮುಚ್ಚುವ ‘ರಿಜೆಕ್ಟ್ ಡೈರೆಕ್ಟ್ ಸೆಂಡ್’ ಸೆಟ್ಟಿಂಗ್ ಕೊಟ್ಟಿದ್ದಾರೆ. ಕನೆಕ್ಟರ್ ಸರಿಯಾದ ಮೇಲೆ ಅದನ್ನು ಆನ್ ಮಾಡಿ. ಆಮೇಲೆ 550 5.7.68 ಬಂದರೆ ಯಾವುದೋ ಸಾಧನ ಕನೆಕ್ಟರ್ ಹೊರಗಿನಿಂದ ಕಳಿಸುತ್ತಿದೆ ಅಂತ ಅರ್ಥ.

---

ಟಿಕೆಟ್_ಮೈಸೂರು:

ಬಳಕೆದಾರರ ಪರದೆ ಬದಲಾಗುವ ಸಂಗತಿಗಳ ಬಗ್ಗೆ ಯಾರೂ ಹೇಳಲಿಲ್ಲ. ಆರ್ಗ್ ಸೆಟ್ಟಿಂಗ್ಸ್‌ನ ಆರ್ಗನೈಸೇಶನ್ ಪ್ರೊಫೈಲ್ ಟ್ಯಾಬ್‌ನಲ್ಲಿ ರಿಲೀಸ್ ಪ್ರಿಫರೆನ್ಸಸ್ ಇದೆ. ‘ಆಯ್ದ ಬಳಕೆದಾರರಿಗೆ ಟಾರ್ಗೆಟೆಡ್ ರಿಲೀಸ್’ ಆರಿಸಿ, ನಿಮ್ಮನ್ನೂ ಅಕೌಂಟ್ಸ್, ಎಚ್‌ಆರ್, ಸ್ಟೋರ್ಸ್‌ನಿಂದ ಒಬ್ಬೊಬ್ಬರನ್ನೂ ಸೇರಿಸಿ. ಹೊಸ ಬಟನ್, ಹೊಸ ಮೆನು ಅವರಿಗೆ ಮೊದಲು ಬರುತ್ತದೆ. ದೂರು ಏನು ಬರಬಹುದು ಅಂತ ಮೊದಲೇ ಗೊತ್ತಾಗುತ್ತದೆ.

ನಿಮ್ಮ ಲೈಸೆನ್ಸ್‌ಗೆ ಒಂದು ವಿಶೇಷ. ಬಿಸಿನೆಸ್ ಸ್ಟ್ಯಾಂಡರ್ಡ್ ಮತ್ತು ಪ್ರೀಮಿಯಂ ಬಳಕೆದಾರರನ್ನು 2025ರ ಜನವರಿಯಿಂದಲೇ ತಾನಾಗಿ ಹೊಸ ಔಟ್‌ಲುಕ್‌ಗೆ ದಾಟಿಸಲು ಶುರು ಮಾಡಿದ್ದಾರೆ. ವಾಪಸ್ ಬರುವ ಟಾಗಲ್ ಇದೆ. ಹೊಸದರಲ್ಲಿ ಕಾಮ್ ಆಡ್-ಇನ್ (COM, ಔಟ್‌ಲುಕ್‌ಗೆ ಜೋಡಿಸುವ ಹಳೆಯ ಬಗೆಯ ಉಪಸಾಫ್ಟ್‌ವೇರ್) ಓಡುವುದಿಲ್ಲ. ಇಆರ್‌ಪಿಯ ಬಟನ್ ಔಟ್‌ಲುಕ್ ರಿಬ್ಬನ್‌ನಲ್ಲಿ ಕೂತಿದ್ದರೆ ಅದು ಮಾಯವಾಗುತ್ತದೆ, ಜನ ಇಆರ್‌ಪಿ ಕೆಟ್ಟಿದೆ ಅಂತ ಫೋನ್ ಮಾಡುತ್ತಾರೆ. ಅಂಥ ಮೇಲ್‌ಬಾಕ್ಸ್‌ಗಳಿಗೆ ಪವರ್‌ಶೆಲ್‌ನ ಸೆಟ್-ಕ್ಯಾಸ್‌ಮೇಲ್‌ಬಾಕ್ಸ್‌ನಲ್ಲಿ ‘ಒನ್‌ವಿನ್‌ನೇಟಿವ್‌ಔಟ್‌ಲುಕ್‌ಎನೇಬಲ್ಡ್’ ಅನ್ನು ಫಾಲ್ಸ್ ಮಾಡಿದರೆ ಹೊಸ ಔಟ್‌ಲುಕ್‌ನಲ್ಲಿ ಆ ಅಕೌಂಟ್ ತೆರೆಯುವುದಿಲ್ಲ. ಹಳೆಯ ಔಟ್‌ಲುಕ್‌ಗೆ ಕನಿಷ್ಠ 2029ರವರೆಗೆ ಬೆಂಬಲ ಇದೆ.

ಜನರಿಗೆ ತಿಳಿಸುವಾಗ ಮೇಲ್‌ನಲ್ಲಿ ಲಿಂಕ್ ಹಾಕಲೇಬೇಡಿ. ‘ನಿಮ್ಮ ಮೇಲ್‌ಬಾಕ್ಸ್ ಅಪ್‌ಗ್ರೇಡ್ ಆಗುತ್ತಿದೆ, ಇಲ್ಲಿ ಒತ್ತಿ’ ಅನ್ನುವುದು ಫಿಶಿಂಗ್‌ನವರ ಮಾಮೂಲಿ ವಾಕ್ಯ. ನೀವೂ ಹಾಗೇ ಬರೆದರೆ ಅಂಥದ್ದನ್ನು ಒತ್ತುವ ಅಭ್ಯಾಸವನ್ನು ನೀವೇ ಮಾಡಿಸಿದ ಹಾಗೆ. ಒಂದು ಸ್ಕ್ರೀನ್‌ಶಾಟ್, ನಾಲ್ಕು ಸಾಲು ಕನ್ನಡ, ಯಾವ ದಿನದಿಂದ, ಯಾರಿಗೆ ಫೋನ್ ಮಾಡಬೇಕು. ಅಷ್ಟು ಸಾಕು.

---

ಇನ್‌ಬಾಕ್ಸ್_ಪಾಲಕ:

ಟಾರ್ಗೆಟೆಡ್ ರಿಲೀಸ್ ಬಗ್ಗೆ ಒಂದು ತಕರಾರು. ಪರದೆಯ ಬದಲಾವಣೆಗೆ ಅದು ಒಳ್ಳೆಯದು, ಮೇಲ್ ಸಾಗಣೆಗೆ ಅದು ಕಾವಲು ಅಲ್ಲ. ಪ್ರೋಟೋಕಾಲ್ ನಿಲ್ಲಿಸುವುದು, ಮಿತಿ ತರುವುದು ಇಂಥವು ಆ ಸೆಟ್ಟಿಂಗ್ ಕೇಳಿಕೊಂಡು ಬರುವುದಿಲ್ಲ. ಅದನ್ನು ಆನ್ ಮಾಡಿ ನಿಶ್ಚಿಂತೆಯಿಂದ ಇರಬೇಡಿ.

ಇನ್ನೊಂದು, ಮೆಸೇಜ್ ಸೆಂಟರ್‌ನಲ್ಲಿ ಎಂದೂ ಬರದ ಬದಲಾವಣೆಗಳೂ ಇವೆ: ಮೇಲ್ ಪಡೆಯುವವರ ಕಡೆಯವು. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಯಾರೇ ಕಳಿಸಿದರೂ ಎಸ್‌ಪಿಎಫ್ ಅಥವಾ ಡಿಕಿಮ್ ಬೇಕು. ದಿನಕ್ಕೆ 5,000ಕ್ಕೂ ಮೇಲ್ಪಟ್ಟು ಕಳಿಸುವವರಿಗೆ ಎರಡೂ ಬೇಕು, ಡಿಮಾರ್ಕ್ (ಆ ಎರಡು ಪರೀಕ್ಷೆಯಲ್ಲಿ ಸೋತ ಮೇಲ್ ಅನ್ನು ಏನು ಮಾಡಬೇಕು ಅನ್ನುವ ಸೂಚನೆ) ಕೂಡ ಬೇಕು. ಔಟ್‌ಲುಕ್ ಡಾಟ್ ಕಾಮ್, ಹಾಟ್‌ಮೇಲ್ ವಿಳಾಸಗಳಿಗೆ ದಿನಕ್ಕೆ 5,000 ದಾಟುವವರ ಮೇಲೂ 2025ರ ಮೇ 5ರಿಂದ ಹೀಗೇ. ತಪ್ಪಿದರೆ 550 5.7.515. 180 ಜನರ ಕಂಪನಿ ಆ ಸಂಖ್ಯೆ ಮುಟ್ಟದಿದ್ದರೂ ಡಿಕಿಮ್ ಆನ್ ಮಾಡಿ, ಡಿಮಾರ್ಕ್ ಅನ್ನು ‘none’ನಿಂದ (ಏನನ್ನೂ ತಡೆಯದೆ ಬರೀ ಗಮನಿಸುವ ಹಂತ) ಶುರು ಮಾಡಿ ರಿಪೋರ್ಟ್ ತರಿಸಿಕೊಳ್ಳಿ. ನಿಮ್ಮ ಹೆಸರಿನಲ್ಲಿ ಯಾರು ಯಾರು ಕಳಿಸುತ್ತಿದ್ದಾರೆ ಅನ್ನುವುದು ಆ ರಿಪೋರ್ಟ್‌ನಲ್ಲಿ ಬರುತ್ತದೆ, ಎಸ್‌ಎಂಟಿಪಿ ಆಥ್ ಪಟ್ಟಿಯಲ್ಲಿ ಕಾಣದವರೂ ಸೇರಿ.

---

ಪೀಣ್ಯ_ಐಟಿ:

ರಿಪೋರ್ಟ್ ತೆಗೆದೆ. ಗೊತ್ತಿದ್ದ ಅಕೌಂಟ್‌ಗಳ ಜೊತೆ ಯಾರದೆಂದು ತಿಳಿಯದ ಒಂದು ಇದೆ, ವಾರಕ್ಕೆ ನಾಲ್ಕೈದು ಮೇಲ್ ಕಳಿಸುತ್ತದೆ. ನಿಲ್ಲಿಸಿ ನೋಡಬಹುದೇ?

---

ರಿಲೇ_ರಾಯಚೂರು:

ಮೊದಲು ಮೆಸೇಜ್ ಟ್ರೇಸ್ ಹಾಕಿ. ಯಾರಿಗೆ ಹೋಗುತ್ತಿದೆ, ವಿಷಯದ ಸಾಲು ಏನು ಅಂತ ನೋಡಿದರೆ ಬಹಳಷ್ಟು ಸಲ ಅಲ್ಲೇ ಗೊತ್ತಾಗುತ್ತದೆ: ಯುಪಿಎಸ್ ಅಲರ್ಟ್, ಸಿಸಿಟಿವಿ ಡಿವಿಆರ್, ಬಯೋಮೆಟ್ರಿಕ್ ಹಾಜರಿ. ಎಂಟ್ರಾದ ಸೈನ್-ಇನ್ ಲಾಗ್‌ನಲ್ಲಿ ಅದೇ ಅಕೌಂಟ್‌ನ ಐಪಿ ನೋಡಿ. ಐಪಿ ನಿಮ್ಮದಲ್ಲ, ನಿಮ್ಮ ವೆಂಡರ್‌ಗಳದೂ ಅಲ್ಲ ಅಂತಾದರೆ ಪಾಸ್‌ವರ್ಡ್ ಸೋರಿದೆ ಅಂತಲೇ ತಿಳಿದು ತಕ್ಷಣ ಬದಲಿಸಿ, ಕಾಯಬೇಡಿ.

ನಿಮ್ಮದೇ ಐಪಿ ಆಗಿದ್ದು ಸಾಧನ ಸಿಗದಿದ್ದರೆ ಆ ಒಂದು ಮೇಲ್‌ಬಾಕ್ಸ್‌ಗೆ ಮಾತ್ರ ಎಸ್‌ಎಂಟಿಪಿ ಆಥ್ ನಿಲ್ಲಿಸಿ. ಅಡ್ಮಿನ್ ಸೆಂಟರ್‌ನಲ್ಲಿ ಬಳಕೆದಾರನ ಹೆಸರು ಒತ್ತಿ, ಮೇಲ್ ಟ್ಯಾಬ್, ಮ್ಯಾನೇಜ್ ಇಮೇಲ್ ಆ್ಯಪ್ಸ್, ಅಲ್ಲಿ ‘ಆಥೆಂಟಿಕೇಟೆಡ್ ಎಸ್‌ಎಂಟಿಪಿ’ ಟಿಕ್ ತೆಗೆಯಿರಿ. ಇಡೀ ಸಂಸ್ಥೆಯ ಸೆಟ್ಟಿಂಗ್‌ಗಿಂತ ಮೇಲ್‌ಬಾಕ್ಸ್‌ನ ಸೆಟ್ಟಿಂಗ್‌ಗೆ ಬಲ ಹೆಚ್ಚು, ಉಳಿದವರಿಗೆ ತೊಂದರೆ ಇಲ್ಲ. ಸಾಧನಕ್ಕೆ 535 5.7.139 ಹೋಗುತ್ತದೆ. ಮಂಗಳವಾರವೋ ಬುಧವಾರವೋ ಬೆಳಗ್ಗೆ ಮಾಡಿ, ತಿಂಗಳ ಕೊನೆಯ ವಾರ ಮತ್ತು ಮೊದಲ ವಾರ ಬೇಡ. ಟಿಕ್ ಮತ್ತೆ ಹಾಕಿದರೂ ತಕ್ಷಣ ಜಾರಿಗೆ ಬರುವುದಿಲ್ಲ, ಸ್ವಲ್ಪ ಹೊತ್ತು ಹಿಡಿಯುತ್ತದೆ, ಹಾಗಾಗಿ ಸಂಬಳದ ದಿನ ಇದನ್ನು ಮುಟ್ಟಲೇಬೇಡಿ. ವಾರಕ್ಕೆ ನಾಲ್ಕೈದು ಅಂದಿರಿ, ಎರಡು ವಾರ ಕಾದು ಯಾರೂ ಕೇಳದಿದ್ದರೆ ಪಾಸ್‌ವರ್ಡ್ ಬದಲಿಸಿ ಸೈನ್-ಇನ್ ಬ್ಲಾಕ್ ಮಾಡಿ. ಅಕೌಂಟ್ ಅಳಿಸುವುದು ಮಾತ್ರ ಜೂನ್ ಕಳೆದ ಮೇಲೆ.