ಸಬ್‌ಮರೀನ್ ‘ಮುಳುಗಿತು’ ಅಂದರೆ ಯಾವ ಅರ್ಥ?

ಗೆಳೆಯರೇ,

ಎರಡನೇ ಮಹಾಯುದ್ಧದ ಕಾಲದ ಅಮೆರಿಕದ ಸಬ್‌ಮರೀನ್ ಕಮಾಂಡರ್ ರಿಚರ್ಡ್ ಒ'ಕೇನ್ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ‘ಮುಳುಗು’ ಅನ್ನೋ ಒಂದೇ ಪದ ನಾಲ್ಕು ದಿನದಿಂದ ಕಾಡುತ್ತಿದೆ.

ಒ'ಕೇನ್ ಮೊದಲು ‘ವಾಹೂ’ ಅನ್ನೋ ಸಬ್‌ಮರೀನಿನಲ್ಲಿ ಕಮಾಂಡರ್ ಕೆಳಗಿನ ಅಧಿಕಾರಿ. ಆಮೇಲೆ ‘ಟ್ಯಾಂಗ್’ ಅನ್ನೋ ಇನ್ನೊಂದಕ್ಕೆ ಅವರೇ ಕಮಾಂಡರ್. 1944ರಲ್ಲಿ ಪೆಸಿಫಿಕ್ ಸಾಗರದ ಟ್ರಕ್ ದ್ವೀಪಗಳ ಹತ್ತಿರ ಕಡಲಿಗೆ ಬಿದ್ದಿದ್ದ 22 ವೈಮಾನಿಕರನ್ನು ಎತ್ತಿಕೊಂಡು ಬಂದರು. ಜಪಾನಿನ ಎಷ್ಟೋ ಹಡಗುಗಳನ್ನು ಮುಳುಗಿಸಿದರು. ಇಲ್ಲಿಂದಲೇ ತೊಡಕು ಶುರು.

ಮೊದಲ ಕರಡಿನಲ್ಲಿ ಹೀಗೆ ಬರೆದಿದ್ದೆ: ‘ವೈರಿ ಹಡಗು ಕಂಡ ಕೂಡಲೇ ಟ್ಯಾಂಗ್ ಮುಳುಗಿತು.’ ಓದಿದ ಅಕ್ಕ, ‘ಅಯ್ಯೋ, ಇಷ್ಟು ಬೇಗ ಎಲ್ಲರೂ ಹೋಗಿಬಿಟ್ಟರಾ?’ ಅಂದಳು. ಅವಳ ತಪ್ಪಲ್ಲ. ಹಡಗು ಮುಳುಗಿತು ಅಂದರೆ ಕತೆ ಮುಗಿಯಿತು ಅಂತಲೇ ಅಲ್ವಾ? ಸಬ್‌ಮರೀನಿಗಾದರೆ ಅದು ದಿನದ ಕೆಲಸ.

ಒಬ್ಬರು ‘ಮುಳುಗಡೆ’ ಅಂತ ಬಳಸಿ ಅಂದರು. ನನಗೆ ಒಗ್ಗಲಿಲ್ಲ. ಲಿಂಗನಮಕ್ಕಿಯ ನೀರಿಗೆ ಊರು ಬಿಟ್ಟುಕೊಟ್ಟವರ ಬಾಯಲ್ಲಿ ಆ ಪದ ಕೇಳಿದ್ದೇನೆ. ಮುಳುಗಡೆಯಾದದ್ದು ಮತ್ತೆ ಮೇಲೆ ಬರುವುದಿಲ್ಲ. ‘ನಿಮಜ್ಜನ’ವಂತೂ ಸುಮ್ನೆ ಭಾರ.

ಮೊನ್ನೆ ಕೆರೆ ಏರಿ ಮೇಲೆ ನಿಂತಿದ್ದಾಗ ಒಂದು ನೀರುಕಾಗೆ ಕಂಡಿತು. ಕತ್ತು ಬಾಗಿಸಿ ಸದ್ದಿಲ್ಲದೆ ಒಳಗೆ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಹತ್ತು ಮಾರು ದೂರದಲ್ಲಿ ಎದ್ದಿತು. ಆಗ ಹೊಳೆಯಿತು: ‘ಮುಳುಗು ಹಾಕು’! ಹೊಳೆಯಲ್ಲಿ ಮೂರು ಮುಳುಗು ಹಾಕಿದೆ ಅಂತೀವಲ್ಲ, ಅದೇ. ಬೇಕು ಅಂತ ಹೋಗುವುದು, ಮತ್ತೆ ಏಳುವುದು, ಎರಡೂ ಅದರಲ್ಲಿವೆ. ತಾನಾಗಿ ಹೋದರೆ ‘ಮುಳುಗು ಹಾಕಿತು’, ಕೈಮೀರಿ ಹೋದರೆ ‘ಮುಳುಗಿಹೋಯಿತು’. ಈ ಭೇದ ನಮ್ಮ ಆಡುಮಾತಿನಲ್ಲಿ ಮೊದಲಿನಿಂದಲೂ ಇದೆ.

ಆದರೂ ಒಂದು ಕೊರತೆ. ಮುಳುಗು ಹಾಕುವುದು ಕ್ಷಣದ ಕೆಲಸ. ಹಗಲಿಡೀ ಒಳಗೇ ಇದ್ದರೆ? ಸದ್ಯಕ್ಕೆ ‘ನೀರಡಿಯಲ್ಲೇ ಇತ್ತು’ ಅಂತ ಬರೆದಿದ್ದೇನೆ. ಕಮಾಂಡರ್ ಕೊಡುವ ಅಪ್ಪಣೆಗೆ ‘ಒಳಗಿಳಿಸಿ!’ ಸಾಕು ಅನ್ನಿಸುತ್ತದೆ. ಕರಾವಳಿಯ ಕಡೆಯವರು ಇದಕ್ಕಿಂತ ಒಳ್ಳೆಯ ಮಾತು ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ.

ಇನ್ನು ಕೊನೆಯ ಭಾಗ. 1944ರ ಅಕ್ಟೋಬರ್ 25ರ ನಸುಕು, ತೈವಾನ್ ಜಲಸಂಧಿ. ಟ್ಯಾಂಗ್ ತನ್ನ 24ನೆಯ, ಕಟ್ಟಕಡೆಯ ಟಾರ್ಪೆಡೊ (ನೀರೊಳಗೇ ಸಾಗಿ ಹಡಗಿಗೆ ಬಡಿದು ಸಿಡಿಯುವ ಅಸ್ತ್ರ) ಬಿಟ್ಟಿತು. ಅದು ನೆಟ್ಟಗೆ ಹೋಗದೆ ಸುತ್ತು ಹೊಡೆದು ಬಂದು ಟ್ಯಾಂಗಿನ ಹಿಂಬದಿಗೇ ಬಡಿಯಿತು. ಒಳಗಿದ್ದ 87 ಜನರಲ್ಲಿ ಬದುಕಿ ಉಳಿದವರು 9. ಒ'ಕೇನ್ ಸೆರೆ ಸಿಕ್ಕರು, ಯುದ್ಧ ಮುಗಿದ ಮೇಲೆ ಊರು ಸೇರಿದರು. 1946ರಲ್ಲಿ ಅವರಿಗೆ ಅಮೆರಿಕದ ಅತ್ಯುನ್ನತ ಸೇನಾ ಗೌರವವಾದ ಮೆಡಲ್ ಆಫ್ ಆನರ್ ಬಂತು. ಏಟು ಬಿದ್ದಾಗ ಟ್ಯಾಂಗ್ ನೀರಿನ ಮೇಲೇ ಇತ್ತು. ಅದಕ್ಕೇ ಹೀಗೆ ಬರೆದಿದ್ದೇನೆ: ‘ಮುಳುಗು ಹಾಕದೆಯೇ ಟ್ಯಾಂಗ್ ಮುಳುಗಿಹೋಯಿತು.’

ನಿಮ್ಮ ಕಿವಿಗೆ ಇದು ಸರಿ ಕೇಳುತ್ತದೆಯೇ?