ಭಾಗಶಃ ಆನ್‌ಲೈನ್ ಆಗಿರುವ ಮಾಹಿತಿ ವ್ಯವಸ್ಥೆಗಳ ಕೋರ್ಸ್: ಮಂಡಿ ಕೆಲಸ ಬಿಡದೆ ಓದಬಹುದೇ?

ಲೆಕ್ಕದ ಪುಸ್ತಕ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಬಿ.ಕಾಂ. ಮುಗಿಸಿ ಆರು ವರ್ಷಗಳಿಂದ ನಾನು ಇಲ್ಲಿನ ಎಪಿಎಂಸಿ ಪ್ರಾಂಗಣದ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ನಗರದ ಒಂದು ಕಾಲೇಜು ಮಾಹಿತಿ ವ್ಯವಸ್ಥೆಗಳ ಬಗ್ಗೆ ಒಂದು ವರ್ಷದ ಡಿಪ್ಲೊಮಾ ನಡೆಸುತ್ತಿದ್ದು, ಶನಿವಾರ ಮಾತ್ರ ತರಗತಿಗೆ ಬರಬೇಕು, ಉಳಿದ ಪಾಠವೆಲ್ಲ ಆನ್‌ಲೈನ್‌ನಲ್ಲಿ ಎಂದು ಹೇಳಿದ್ದಾರೆ. ಕೆಲಸ ಬಿಡುವ ಸ್ಥಿತಿಯಲ್ಲಿ ನಾನಿಲ್ಲ. ಅದರಲ್ಲೂ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮೆಕ್ಕೆಜೋಳದ ಆವಕ ಹೆಚ್ಚಿದಾಗ ರಾತ್ರಿ ಒಂಬತ್ತಾದರೂ ಬಿಲ್ ಮುಗಿಯುವುದಿಲ್ಲ. ಪಠ್ಯಕ್ರಮದಲ್ಲಿ ಡೇಟಾಬೇಸ್, ವ್ಯವಸ್ಥೆಯ ವಿಶ್ಲೇಷಣೆ ಮತ್ತು ವಿನ್ಯಾಸ, ಮಾಹಿತಿ ಸುರಕ್ಷತೆ ಇವೆ. ಶಿಕ್ಷಕರು ಎದುರಿಗಿಲ್ಲದೆ ಡೇಟಾಬೇಸ್‌ನಂಥ ವಿಷಯ ತಲೆಗೆ ಹತ್ತುವುದೇ? ಹೀಗೆ ಅರ್ಧಂಬರ್ಧ ಆನ್‌ಲೈನ್‌ನಲ್ಲಿ ಓದಿದ ಕೋರ್ಸಿಗೆ ಬೆಲೆ ಇರುತ್ತದೆಯೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಕೋಟೆ ಊರಿನವಳು, ಚಿತ್ರದುರ್ಗ

ಇಂಥದ್ದೇ ಒಂದು ಕೋರ್ಸನ್ನು ನಾನು ಖಾಸಗಿ ಕಚೇರಿಯ ಕೆಲಸದ ಜೊತೆಗೇ ಮುಗಿಸಿದ್ದೇನೆ, ಸರ್. ಮೊದಲ ಎರಡು ತಿಂಗಳು ನಾನು ಮಾಡಿದ ತಪ್ಪನ್ನೇ ಹೇಳಿಬಿಡುತ್ತೇನೆ. ಪಾಠದ ವಿಡಿಯೊ ಎಲ್ಲಿಗೂ ಓಡಿಹೋಗುವುದಿಲ್ಲ, ಭಾನುವಾರ ಒಟ್ಟಿಗೆ ನೋಡಿದರಾಯಿತು ಎಂದುಕೊಂಡಿದ್ದೆ. ಐದು ವಾರಗಳ ವಿಡಿಯೊ ರಾಶಿ ಬಿದ್ದ ಮೇಲೆ ದಿನಕ್ಕೆ 1.5 ಜಿಬಿಯ ನನ್ನ ಮೊಬೈಲ್ ಡೇಟಾ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು, ಸಂಜೆಯ ಹೊತ್ತಿಗೆ ನೋಡಿದ್ದೂ ಮರೆತಿರುತ್ತಿತ್ತು. ವಿಡಿಯೊ ಕಾಯುತ್ತದೆ, ಆದರೆ ಅಸೈನ್‌ಮೆಂಟಿನ ಗಡುವು ಕಾಯುವುದಿಲ್ಲ. ಎರಡು ಅಸೈನ್‌ಮೆಂಟಿನ ಅಂಕಗಳು ಹಾಗೆಯೇ ಹೋದವು. ಕೊನೆಗೆ ಬೆಳಿಗ್ಗೆ ಐದೂವರೆಯಿಂದ ಆರೂವರೆ ಎಂದು ನಿಗದಿ ಮಾಡಿಕೊಂಡು, ನೋಡಿದ ಪ್ರತಿ ಪಾಠಕ್ಕೂ ಒಂದು ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ತರಗತಿಯ ದಿನ ಅದನ್ನೇ ಕೇಳತೊಡಗಿದೆ. ತರಗತಿ ಇರುವುದು ಕೇಳುವುದಕ್ಕೆ ಎಂಬುದು ನನಗೆ ಅರ್ಥವಾಗಿದ್ದು ಆಗಲೇ. ಸುಮ್ಮನೆ ಪಾಠ ಕೇಳಿಸಿಕೊಳ್ಳುವುದಕ್ಕಾದರೆ ಮನೆಯೇ ಸಾಕು.

ನೀವು ಸೇರುವ ಮುನ್ನ ವಿಚಾರಿಸಲೇಬೇಕಾದದ್ದು ಗುಂಪು ಪ್ರಾಜೆಕ್ಟಿನ ವಿಷಯ. ನಮ್ಮ ನಾಲ್ವರ ಗುಂಪಿನಲ್ಲಿ ಇಬ್ಬರು ಹಿರಿಯೂರಿನವರು, ಒಬ್ಬರು ಜಗಳೂರಿನವರು. ಪಾಠಕ್ಕಿಂತ ನಮ್ಮನ್ನು ಹೆಚ್ಚು ದಣಿಸಿದ್ದು ನಾಲ್ವರಿಗೂ ಬಿಡುವಾಗುವ ಒಂದು ಗಂಟೆಯನ್ನು ಹುಡುಕುವುದು. ನಿಮ್ಮ ಪ್ರಾಜೆಕ್ಟ್ ನವೆಂಬರಿನಲ್ಲಿ ಬರುವಂತಿದ್ದರೆ ಈಗಲೇ ಮಾತನಾಡಿಕೊಳ್ಳಿ.

ಬೋಧಕ, ದಾವಣಗೆರೆ

ಪದವಿ ಕಾಲೇಜಿನಲ್ಲಿ ಈ ವಿಷಯವನ್ನೇ ಕಲಿಸುವವನಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ‘ಭಾಗಶಃ ಆನ್‌ಲೈನ್’ ಎಂಬ ಒಂದೇ ಮಾತಿನಡಿ ಬೇರೆ ಬೇರೆ ಏರ್ಪಾಡುಗಳು ನಡೆಯುತ್ತಿವೆ. ಕಾಲೇಜಿನ ಅಧ್ಯಾಪಕರೇ ಮೂಡಲ್‌ನಂಥ ತಂತ್ರಾಂಶದಲ್ಲಿ ತಮ್ಮ ಪಾಠವನ್ನು ಹಾಕುವುದು ಒಂದು ಬಗೆ. ರೆಗ್ಯುಲರ್ ಕೋರ್ಸಿನ ಕೆಲವು ಪತ್ರಿಕೆಗಳನ್ನು ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ಆನ್‌ಲೈನ್ ಕಲಿಕಾ ವೇದಿಕೆಯಲ್ಲಿ ಓದಿ ಕ್ರೆಡಿಟ್ ಪಡೆಯುವುದು ಇನ್ನೊಂದು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಹೀಗೆ ಓದಲು ವಿಶ್ವವಿದ್ಯಾಲಯ ಅವಕಾಶ ಕೊಡಬಹುದು. ಪೂರ್ತಿ ಆನ್‌ಲೈನ್ ಅಥವಾ ದೂರಶಿಕ್ಷಣದ ಪದವಿಯ ಮಾತೇ ಬೇರೆ, ಅದಕ್ಕೆ ಯುಜಿಸಿಯ ಪ್ರತ್ಯೇಕ ಮನ್ನಣೆ ಬೇಕು. ನಿಮ್ಮದು ಯಾವ ಬಗೆಯದು, ಅಂಕಪಟ್ಟಿಯನ್ನು ಕೊಡುವುದು ವಿಶ್ವವಿದ್ಯಾಲಯವೋ ಅಥವಾ ಕಾಲೇಜು ಮಾತ್ರವೋ ಎಂಬುದನ್ನು ಲಿಖಿತವಾಗಿ ಪಡೆದುಕೊಂಡ ಮೇಲೆಯೇ ಶುಲ್ಕ ಕಟ್ಟಿ. ಬೆಲೆಯ ಪ್ರಶ್ನೆ ತೀರ್ಮಾನವಾಗುವುದು ಅಲ್ಲಿಯೇ.

ಡೇಟಾಬೇಸ್ ಬಗ್ಗೆ ನಿಮಗಿರುವ ಅಂಜಿಕೆ ನನಗೆ ಅರ್ಥವಾಗುತ್ತದೆ, ಆದರೆ ಅದನ್ನು ಕಲಿಯಲು ನಿಮಗಿರುವಷ್ಟು ಅನುಕೂಲ ನನ್ನ ಹೊಸ ವಿದ್ಯಾರ್ಥಿಗಳಿಗೂ ಇಲ್ಲ. ನಿಮ್ಮ ಅಂಗಡಿಯ ಬಿಲ್ಲನ್ನೇ ನೋಡಿ: ರೈತರ ಹೆಸರು, ಊರು, ಫೋನ್ ನಂಬರು, ಲಾಟ್ ನಂಬರು, ಚೀಲಗಳ ಸಂಖ್ಯೆ, ತೂಕ, ದರ, ಖರೀದಿದಾರ, ಹಮಾಲಿ ಎಲ್ಲವೂ ಒಂದೇ ಹಾಳೆಯಲ್ಲಿರುತ್ತವೆ. ಒಬ್ಬ ರೈತ ವರ್ಷದಲ್ಲಿ ಹತ್ತು ಸಲ ಮಾಲು ತಂದರೆ ಅವನ ಫೋನ್ ನಂಬರು ಹತ್ತು ಕಡೆ ದಾಖಲಾಗುತ್ತದೆ. ನಂಬರು ಬದಲಾದಾಗ ಒಂಬತ್ತು ಕಡೆ ಹಳೆಯದೇ ಉಳಿದು, ಯಾವುದು ಸರಿ ಎಂದು ಯಾರಿಗೂ ಗೊತ್ತಾಗದಂತೆ ಆಗುತ್ತದೆ. ರೈತರಿಗೊಂದು ಟೇಬಲ್, ಲಾಟ್‌ಗಳಿಗೊಂದು, ಖರೀದಿದಾರರಿಗೊಂದು ಎಂದು ಬೇರೆ ಮಾಡಿ, ಒಂದು ಸಂಖ್ಯೆಯ ಮೂಲಕ ಅವುಗಳನ್ನು ಬೆಸೆಯುವುದನ್ನೇ ಪಠ್ಯದಲ್ಲಿ ನಾರ್ಮಲೈಸೇಷನ್ ಎನ್ನುತ್ತಾರೆ. 1970ರಲ್ಲಿ ಕಂಪ್ಯೂಟರ್ ವಿಜ್ಞಾನಿ ಎಡ್ಗರ್ ಕಾಡ್ ಮಂಡಿಸಿದ, ಮಾಹಿತಿಯನ್ನು ಟೇಬಲ್‌ಗಳಾಗಿ ಇಡುವ ರಿಲೇಷನಲ್ ಮಾದರಿಯ ಮೇಲೆ ನಿಂತಿರುವ ವಿಚಾರವಿದು. ವಿಡಿಯೊದಲ್ಲಿ ಅದನ್ನು ಹತ್ತು ಸಲ ನೋಡುವುದಕ್ಕಿಂತ ನಿಮ್ಮ ಒಂದು ದಿನದ ಬಿಲ್ಲುಗಳನ್ನು ಕಾಗದದ ಮೇಲೆ ಹೀಗೆ ಬಿಡಿಸಿ ನೋಡುವುದು ಮೇಲು. ಆಮೇಲೆ ಅವನ್ನೇ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಹಾಕಿ. ಅದು ಉಚಿತ, ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ, ಇಂಟರ್ನೆಟ್ಟಿನ ಹಂಗೂ ಇಲ್ಲ.

ಇನ್ನೊಂದು ಉದಾಹರಣೆ ನಮ್ಮೆಲ್ಲರ ಕಣ್ಣೆದುರಿಗೇ ಇದೆ. ಉಪನೋಂದಣಿ ಕಚೇರಿಯಲ್ಲಿ ಜಮೀನಿನ ಕ್ರಯಪತ್ರ ನೋಂದಣಿಯಾದಾಗ ಕಾವೇರಿ ತಂತ್ರಾಂಶದಿಂದ ಭೂಮಿ ತಂತ್ರಾಂಶಕ್ಕೆ ಮಾಹಿತಿ ಹೋಗಿ, ತಾಲ್ಲೂಕು ಕಚೇರಿಯಲ್ಲಿ ಖಾತೆ ಬದಲಾವಣೆಯ ಪ್ರಕ್ರಿಯೆ ಶುರುವಾಗುತ್ತದೆ. ಎರಡು ಇಲಾಖೆ, ಎರಡು ತಂತ್ರಾಂಶ, ನಡುವೆ ನಿಯಮ, ಸಿಬ್ಬಂದಿ ಮತ್ತು ಆಕ್ಷೇಪಣೆಯ ಕಾಲಾವಕಾಶ: ಇವೆಲ್ಲ ಸೇರಿದ್ದೇ ಮಾಹಿತಿ ವ್ಯವಸ್ಥೆ. ಕಂಪ್ಯೂಟರ್ ಅದರ ಒಂದು ಭಾಗ ಮಾತ್ರ. (ಪರೀಕ್ಷೆಯಲ್ಲಿ ‘ಮಾಹಿತಿ ವ್ಯವಸ್ಥೆ ಎಂದರೆ ಸಾಫ್ಟ್‌ವೇರ್’ ಎಂದು ಬರೆದು ಅಂಕ ಕಳೆದುಕೊಳ್ಳುವವರನ್ನು ನಾನು ಪ್ರತಿ ವರ್ಷವೂ ನೋಡುತ್ತೇನೆ.)

ತುಂಗಭದ್ರೆ, ಹರಿಹರ

ಮೇಲಿನ ಇಬ್ಬರೂ ಹೇಳಿದ್ದು ಸರಿಯೇ, ಆದರೆ ನನ್ನ ಅಭಿಪ್ರಾಯ ತುಸು ಬೇರೆ. ಶುಲ್ಕ ಕಟ್ಟುವ ಮೊದಲು ಐಐಟಿಗಳ ಆನ್‌ಲೈನ್ ಪಾಠಗಳಿರುವ ಎನ್‌ಪಿಟೆಲ್‌ನಲ್ಲಿ ಡೇಟಾಬೇಸಿನ ಒಂದು ಕೋರ್ಸಿಗೆ ಸೇರಿ ನೋಡಿ. ಸೇರುವುದಕ್ಕೆ ಹಣವಿಲ್ಲ, ಪ್ರಮಾಣಪತ್ರ ಬೇಕೆಂದರೆ ಮಾತ್ರ ಪರೀಕ್ಷಾ ಶುಲ್ಕ ಕಟ್ಟಿ ನಿಗದಿತ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. 12 ವಾರಗಳ ಕೋರ್ಸಿನಲ್ಲಿ ಅತ್ಯುತ್ತಮವಾದ 8 ಅಸೈನ್‌ಮೆಂಟುಗಳಿಗೆ 25 ಅಂಕ, ಪರೀಕ್ಷೆಗೆ 75 ಅಂಕ. ಮೊದಲ ನಾಲ್ಕು ವಾರ ಗಡುವು ತಪ್ಪಿಸದೆ ಅಸೈನ್‌ಮೆಂಟ್ ಸಲ್ಲಿಸಲು ನಿಮ್ಮಿಂದಾದರೆ ಡಿಪ್ಲೊಮಾಕ್ಕೆ ಸೇರಿ. ಆಗದಿದ್ದರೆ ಹಣವಾದರೂ ಉಳಿಯುತ್ತದೆ.

ಲೆಕ್ಕದ ಪುಸ್ತಕ, ದಾವಣಗೆರೆ

ಎಲ್ಲರಿಗೂ ಕೃತಜ್ಞತೆಗಳು. ಕಾಲೇಜಿನಲ್ಲಿ ವಿಚಾರಿಸಿದೆ. ಅಂಕಪಟ್ಟಿ ವಿಶ್ವವಿದ್ಯಾಲಯದ್ದೇ ಎಂದು ಬರೆದುಕೊಟ್ಟಿದ್ದಾರೆ, ಪ್ರಾಜೆಕ್ಟ್ ಎರಡನೆಯ ಸೆಮಿಸ್ಟರಿನಲ್ಲಿ ಬರುತ್ತದಂತೆ. ಬೋಧಕರು ಹೇಳಿದಂತೆ ನಿನ್ನೆ ರಾತ್ರಿ ಬಿಲ್ಲುಗಳನ್ನು ಬಿಡಿಸಲು ಕೂತೆ, ಆದರೆ ರೈತರ ಟೇಬಲ್ಲಿನಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಒಂದೇ ಊರಿನ ಹನುಮಂತಪ್ಪ ಎಂಬ ಹೆಸರಿನ ನಾಲ್ವರು ನಮ್ಮ ಅಂಗಡಿಗೆ ಮಾಲು ತರುತ್ತಾರೆ, ಅವರಲ್ಲಿ ಇಬ್ಬರು ಕೊಟ್ಟಿರುವುದು ಒಬ್ಬನೇ ಮೊಮ್ಮಗನ ಫೋನ್ ನಂಬರು. ಇವರನ್ನು ಗುರುತಿಸಲು ಯಾವುದನ್ನು ಇಟ್ಟುಕೊಳ್ಳಲಿ?

ಬೋಧಕ, ದಾವಣಗೆರೆ

ಪ್ರೈಮರಿ ಕೀ, ಅಂದರೆ ಟೇಬಲ್ಲಿನ ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಂ, ಎಂಬ ಪಾಠ ಇರುವುದೇ ಈ ಪ್ರಶ್ನೆಗಾಗಿ. ಹೆಸರನ್ನೂ ಫೋನನ್ನೂ ನಂಬಬೇಡಿ. ರಾಜ್ಯ ಸರ್ಕಾರದ ‘ಫ್ರೂಟ್ಸ್’ ತಂತ್ರಾಂಶದಲ್ಲಿ ನೋಂದಾಯಿಸಿದ ರೈತರಿಗೆ ಸಿಗುವ ಎಫ್‌ಐಡಿ ಎಂಬ ಗುರುತಿನ ಸಂಖ್ಯೆಯನ್ನು ಇಟ್ಟುಕೊಳ್ಳಬಹುದು ಎನ್ನಿಸುತ್ತದೆ, ಆದರೆ ಅಂಗಡಿಗೆ ಬರುವ ಪ್ರತಿಯೊಬ್ಬರೂ ಅದನ್ನು ನೆನಪಿನಲ್ಲಿಟ್ಟುಕೊಂಡು ಬಂದಿರುವುದಿಲ್ಲ. ಆದ್ದರಿಂದ ನಿಮ್ಮ ಅಂಗಡಿಯದೇ ಒಂದು ಕ್ರಮಸಂಖ್ಯೆ ಕೊಟ್ಟು, ಎಫ್‌ಐಡಿಗೆ ಪಕ್ಕದಲ್ಲಿ ಒಂದು ಕಾಲಂ ಬಿಡಿ, ಸಿಕ್ಕಾಗ ತುಂಬಿಕೊಳ್ಳಬಹುದು. ಊರಿನವರು ಆ ನಾಲ್ವರನ್ನು ಕರೆಯುವ ಅಡ್ಡಹೆಸರುಗಳಿಗೂ ಒಂದು ಕಾಲಂ ಇರಲಿ.